ಸ್ಪಷ್ಟನೆ: ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಸರ್ಟಿಫಿಕೇಟ್‌ಗೆ ಕ್ಯಾಂಪ್ ಒಂದೇ ಸಾಲದು
‘ಏಳು ದಿನದ ಕ್ಯಾಂಪ್‌ಗೆ ಹೋಗಿ ಬಂದರೆ ಸಾಕು, ಎನ್‌ಎಸ್‌ಎಸ್ ಸರ್ಟಿಫಿಕೇಟ್ ಗ್ಯಾರಂಟಿ’ ಎಂಬ ಮೆಸೇಜ್ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಕ್ಯಾಂಪ್ ಬೇಕೇ ಬೇಕು. ಅದರ ಜೊತೆಗೆ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಸೇವೆಯೂ ಆಗಿರಬೇಕು. ಕಾಲೇಜಿನ ಎನ್‌ಎಸ್‌ಎಸ್ ಘಟಕ ದತ್ತು ತೆಗೆದುಕೊಂಡ ಹಳ್ಳಿಯಲ್ಲಿ ಚರಂಡಿ ಹೂಳು ಎತ್ತಿದ್ದು, ಶಾಲೆ ಕಾಂಪೌಂಡ್ ಪಕ್ಕ ಸಸಿ ನೆಟ್ಟಿದ್ದು, ರಕ್ತದಾನ ಶಿಬಿರದಲ್ಲಿ ದಾನಿಗಳ ಹೆಸರು ಬರೆದುಕೊಂಡಿದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಆಗಿಂದಾಗ್ಗೆ ಡೈರಿಯಲ್ಲಿ ಬರೆದು ಕಾರ್ಯಕ್ರಮಾಧಿಕಾರಿಯ (ಕಾಲೇಜಿನಲ್ಲಿ ಎನ್‌ಎಸ್‌ಎಸ್ ನೋಡಿಕೊಳ್ಳುವ ಅಧ್ಯಾಪಕರ) ಸಹಿ ಹಾಕಿಸಿಕೊಳ್ಳಿ. ಕೊನೆಗೆ ಪರದಾಡುವುದು ಯಾಕೆ ಅಲ್ವಾ?

ಇದು ಎನ್‌ಸಿಸಿ ಅಲ್ಲ, ಸೇನೆಯ ತರಬೇತಿ ಇರುವುದಿಲ್ಲ. 1969ರಲ್ಲಿ, ಗಾಂಧೀಜಿ ಜನ್ಮ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಸೇವಾ ಯೋಜನೆ ಇದು. ಸೇರುವುದು ನಿಮ್ಮ ಇಷ್ಟ. ಆದರೆ ಕೊನೆಯ ವರ್ಷ ಸೇರಿದರೆ ಎರಡು ವರ್ಷ ತುಂಬುವುದಿಲ್ಲ, ಹಾಗಾಗಿ ಮೊದಲ ವರ್ಷದಲ್ಲೇ ಹೆಸರು ಕೊಡಿ.