ನಡುಕ ನಿಲ್ಲಿಸಲು ಮಿದುಳನ್ನು ಸುಡುವ ಪದ್ಧತಿ ಮರಳಬೇಕೆ?

ಪರ

ನಡುಕದ ಜೊತೆ ಬೇರೆಯದನ್ನೂ ಕೆಡಿಸುತ್ತದೆ ಎಂದು ಸುಡುವ ಚಿಕಿತ್ಸೆ ಹೊತ್ತಿರುವ ಅಪವಾದವನ್ನು ನಿಜಕ್ಕೂ ಹೊರಬೇಕಾದದ್ದು ಅಂದಿನ ಗುರಿ ಹಿಡಿಯುವ ವಿಧಾನ. 1930ರ ದಶಕದಲ್ಲಿ ಶಸ್ತ್ರವೈದ್ಯ ಪಾಲ್ ಬ್ಯೂಸಿ ಮಿದುಳಿನ ಹೊರಪದರದಲ್ಲಿ ಚಲನೆಯನ್ನು ಆಳುವ ಭಾಗವನ್ನೇ ಕತ್ತರಿಸಿ ತೆಗೆದರು. ನಡುಕದ ಜೊತೆಗೆ ಕೈಯ ಬಲವೂ ಕುಂದಿತು. 1952ರಲ್ಲಿ ಇನ್ನೊಬ್ಬ ಶಸ್ತ್ರವೈದ್ಯ ಇರ್ವಿಂಗ್ ಕೂಪರ್ ಪಾರ್ಕಿನ್ಸನ್ ರೋಗಿಯೊಬ್ಬರಿಗೆ ಬೇರೊಂದು ಶಸ್ತ್ರಕ್ರಿಯೆ ಮಾಡುತ್ತಿದ್ದಾಗ ಮಿದುಳಿನ ಆಳಕ್ಕೆ ರಕ್ತ ಒಯ್ಯುವ ಆಂಟೀರಿಯರ್ ಕೊರಾಯ್ಡಲ್ ರಕ್ತನಾಳ ಹರಿಯಿತು. ಕ್ಲಿಪ್ ಹಾಕಿ ರಕ್ತ ನಿಲ್ಲಿಸಿ, ಕೆಲಸವನ್ನು ಅಲ್ಲಿಗೇ ಬಿಟ್ಟರು. ಎಚ್ಚರವಾದ ರೋಗಿಯಲ್ಲಿ ನಡುಕ, ಬಿಗಿತ ಎರಡೂ ಇರಲಿಲ್ಲ. ಬಲ ಮಾತ್ರ ಉಳಿದಿತ್ತು. ಮಿದುಳಿನ ಆಳದಲ್ಲಿ ಕೈ ಹಾಕಬೇಕಾದ ಜಾಗ ಬಹಳ ಚಿಕ್ಕದು ಎನ್ನುವುದನ್ನು ಆ ಅಪಘಾತ ತೋರಿಸಿತ್ತು.

ಆ ಜಾಗವನ್ನು ಮುಟ್ಟುವುದೇ ಕಷ್ಟವಾಗಿತ್ತು. ಮನುಷ್ಯನ ತಲೆಗೆ ಕೂಡಿಸುವ ಅಳತೆಯ ಚೌಕಟ್ಟನ್ನು ಸ್ಪೀಗೆಲ್ ಮತ್ತು ವೈಸಿಸ್ 1947ರಲ್ಲೇ ಫಿಲಡೆಲ್ಫಿಯಾದಲ್ಲಿ ತಂದಿದ್ದರು. ಆದರೆ ಎಕ್ಸ್‌ರೇಯಲ್ಲಿ ಗುರಿಯಾದ ಥಾಲಮಸ್ (ಮಿದುಳಿನ ಆಳದಲ್ಲಿ ಚಲನೆ, ಸ್ಪರ್ಶದ ಸಂದೇಶಗಳು ಹಾದುಹೋಗುವ ಭಾಗ) ಕಾಣುವುದಿಲ್ಲವಲ್ಲ! ಮಿದುಳಿನ ಕುಹರಗಳಿಗೆ ಗಾಳಿ ತುಂಬಿ, ಚಿತ್ರದಲ್ಲಿ ಮೂಡಿದ ಅವುಗಳ ಅಂಚಿನಿಂದ ಲೆಕ್ಕ ಹಾಕಿ ಸೂಜಿ ಇಳಿಸಬೇಕಿತ್ತು.

ಈಗ ಎಂಆರ್‌ಐ ಯಂತ್ರದೊಳಗೇ ಕೆಲಸ ನಡೆಯುತ್ತದೆ. ತಲೆ ಬೋಳಿಸಿ, ಚೌಕಟ್ಟು ಬಿಗಿದು, 1024 ಅಲ್ಟ್ರಾಸೌಂಡ್ ಮೂಲಗಳಿರುವ ಶಿರಸ್ತ್ರಾಣದಂಥ ಸಾಧನವನ್ನು ಕೂಡಿಸುತ್ತಾರೆ. ಬುರುಡೆ ಕಾಯದಂತೆ ನಡುವೆ ತಣ್ಣೀರು ಹರಿಯುತ್ತಿರುತ್ತದೆ. ಆ ಮೂಲಗಳ ಧ್ವನಿ ಅಲೆಗಳನ್ನು ಒಂದೇ ಬಿಂದುವಿಗೆ ಸೇರಿಸಿ, ಮೊದಲು ಅಂಗಾಂಶ ಸಾಯದಷ್ಟೇ ಬಿಸಿ ಮಾಡಿ, ಎಚ್ಚರವಿರುವ ರೋಗಿಯಿಂದ ಸುರುಳಿ ಗೆರೆ ಬರೆಸಿ ನೋಡುತ್ತಾರೆ. ತುಟಿಯಲ್ಲೋ ಬೆರಳಲ್ಲೋ ಜುಮುಗುಟ್ಟಿದರೆ ಗುರಿ ಹಿಂದಕ್ಕೆ ಸರಿದಿದೆ ಎಂದರ್ಥ, ಸರಿಪಡಿಸಬಹುದು. ಎಲ್ಲ ಸರಿಯಿದ್ದರೆ ಮಾತ್ರ ಬಿಸಿ 55–60 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಮಿದುಳಿಗೆ ಎಲೆಕ್ಟ್ರೋಡ್ ಇಳಿಸಿ ವಿದ್ಯುತ್ ಕೊಡುವ ಡಿಬಿಎಸ್ (ಡೀಪ್ ಬ್ರೇನ್ ಸ್ಟಿಮ್ಯುಲೇಷನ್) ಪದ್ಧತಿಗೆ ಬೇಕಾಗುವ ಬುರುಡೆಯ ರಂಧ್ರ ಇಲ್ಲಿಲ್ಲ, ಎದೆಯಲ್ಲಿ ಬ್ಯಾಟರಿ ಇಲ್ಲ, ಸೋಂಕು ಹತ್ತಲು ತಂತಿಯೂ ಇಲ್ಲ. ಎಂಬತ್ತು ದಾಟಿದವರಿಗೆ, ಸೆಟ್ಟಿಂಗ್ ಬದಲಿಸಿಕೊಳ್ಳಲು ಪದೇ ಪದೇ ಬರಲಾಗದವರಿಗೆ ಇದಕ್ಕಿಂತ ಹಗುರವಾದ ದಾರಿ ಯಾವುದಿದೆ?

ವಿರೋಧ

ಗುರಿ ನಿಖರವಾಗಿದೆ, ಒಪ್ಪೋಣ. ಆದರೆ ಥಾಲಮಸ್‌ನ ಆ ಬಿಂದುವಿನ ನೆರೆಹೊರೆ ಬದಲಾಗಿಲ್ಲ. ಹೊರಬದಿಗೆ ಒಂದೆರಡು ಮಿಲಿಮೀಟರ್ ಸರಿದರೆ ಕೈಕಾಲುಗಳ ಬಲ ಸಾಗಿಸುವ ನರತಂತುಗಳು, ಹಿಂದಕ್ಕೆ ಸರಿದರೆ ಸ್ಪರ್ಶದ ಕೇಂದ್ರ. ಸುಟ್ಟ ಜಾಗದ ಸುತ್ತ ಮೊದಲ ದಿನಗಳಲ್ಲಿ ಊತವೂ ಬರುತ್ತದೆ. ಎಸೆನ್ಷಿಯಲ್ ಟ್ರೆಮರ್ (ಪಾರ್ಕಿನ್ಸನ್ ಅಲ್ಲದ, ನಡುಕವೇ ಮುಖ್ಯವಾದ ಕಾಯಿಲೆ) ಇದ್ದ 76 ಮಂದಿಯ ಮೇಲೆ ನಡೆಸಿ 2016ರಲ್ಲಿ ಪ್ರಕಟವಾದ ಅಲ್ಟ್ರಾಸೌಂಡ್ ಪ್ರಯೋಗದಲ್ಲಿ, ಚಿಕಿತ್ಸೆ ಪಡೆದವರ ಪೈಕಿ 14 ಶೇಕಡಾ ಜನರಿಗೆ ವರ್ಷದ ನಂತರವೂ ಮರಗಟ್ಟುವಿಕೆ ಅಥವಾ ಜುಮುಗುಟ್ಟುವಿಕೆ ಇತ್ತು. 9 ಶೇಕಡಾ ಜನರ ನಡಿಗೆ ಸರಿಹೋಗಿರಲಿಲ್ಲ. ಗುರಿ ಕಣ್ಣೆದುರೇ ಇದ್ದ ಕಾಲದ ಅಂಕಿಗಳಿವು.

ಎಲ್ಲರ ಬುರುಡೆಯೂ ಇದಕ್ಕೆ ಒಗ್ಗುವುದಿಲ್ಲ ಎನ್ನುವುದು ಇನ್ನೊಂದು ತೊಡಕು. ಮೂಳೆಯ ಒಳಗಿನ ಸ್ಪಂಜಿನಂಥ ಪದರ ದಪ್ಪವಿದ್ದರೆ ಧ್ವನಿಯ ಶಕ್ತಿ ಅಲ್ಲೇ ಚದುರಿ, ಬಿಂದು ಬೇಕಾದಷ್ಟು ಕಾಯುವುದೇ ಇಲ್ಲ.

ಬದಲಿ ದಾರಿ ಹುಟ್ಟಿದ್ದು ಸುಡುವವರ ಟೇಬಲ್ ಮೇಲೇ. ಸುಡುವ ಮುನ್ನ ಜಾಗ ಸರಿಯಿದೆಯೇ ಎಂದು ವಿದ್ಯುತ್ ಕೊಟ್ಟು ಪರೀಕ್ಷಿಸುವುದು ವಾಡಿಕೆಯಾಗಿತ್ತು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಮ್ ಲೂಯಿ ಬೆನಾಬಿದ್ ಅವರಿಗೆ ಸೆಕೆಂಡಿಗೆ 100ಕ್ಕಿಂತ ಹೆಚ್ಚು ಮಿಡಿತ ಕೊಟ್ಟಾಗ ನಡುಕ ನಿಲ್ಲುವುದು ಕಂಡಿತು. ವಿದ್ಯುತ್ ತೆಗೆದರೆ ಮರಳುತ್ತಿತ್ತು. ಹಾಗಿದ್ದರೆ ಸುಡುವುದೇಕೆ? ಡಿಬಿಎಸ್ ಬಂದದ್ದು ಹೀಗೆ. ಸಾಮಾನ್ಯವಾಗಿ ನಾಲ್ಕು ಸಂಪರ್ಕ ಬಿಂದುಗಳಿರುವ, ಸುಮಾರು 1.3 ಮಿಲಿಮೀಟರ್ ದಪ್ಪದ ಎಲೆಕ್ಟ್ರೋಡ್. 130 ಹರ್ಟ್ಜ್ ಆಸುಪಾಸಿನ, 60 ಮೈಕ್ರೋಸೆಕೆಂಡಿನ ಮಿಡಿತಗಳು. ತುದಿ ಅರ್ಧ ಮಿಲಿಮೀಟರ್ ತಪ್ಪಿದ್ದರೆ ಪಕ್ಕದ ಬಿಂದುವಿನಿಂದ ವಿದ್ಯುತ್ ಕೊಡಬಹುದು. ಪಾರ್ಕಿನ್ಸನ್ ವರ್ಷವರ್ಷಕ್ಕೆ ರೂಪ ಬದಲಿಸುವ ರೋಗ. ಯಂತ್ರವನ್ನು ಅದಕ್ಕೆ ತಕ್ಕಂತೆ ಬದಲಿಸಬಹುದು. ಸುಟ್ಟ ಕಲೆ ಮೊದಲ ದಿನ ತೀರ್ಮಾನಿಸಿದ ಜಾಗದಲ್ಲೇ ಕೂತಿರುತ್ತದೆ.

ರಂಧ್ರ ಕೊರೆಯುವಾಗ ರಕ್ತಸ್ರಾವದ ಅಪಾಯ, ಸೋಂಕು, ಕೆಲವು ವರ್ಷಕ್ಕೊಮ್ಮೆ ಬ್ಯಾಟರಿ ಬದಲಾವಣೆ, ಇವೆಲ್ಲ ಡಿಬಿಎಸ್‌ನ ಬೆನ್ನಿಗಿರುವ ಹೊರೆಗಳು. ಆದರೆ ಎರಡೂ ಕೈ ನಡುಗುವವರ ಪ್ರಶ್ನೆ ಬಂದಾಗ ತಕ್ಕಡಿ ವಾಲುತ್ತದೆ. ಥಾಲಮಸ್‌ನ ಎರಡೂ ಬದಿ ಸುಟ್ಟರೆ ಮಾತು ತೊದಲುವುದು, ನುಂಗಲು ಕಷ್ಟವಾಗುವುದು 1950–60ರ ದಶಕಗಳಿಂದ ಗೊತ್ತಿರುವ ವಿಷಯ. ಎಸೆನ್ಷಿಯಲ್ ಟ್ರೆಮರ್‌ಗೆ ಎರಡನೇ ಬದಿಯ ಅಲ್ಟ್ರಾಸೌಂಡ್ ಚಿಕಿತ್ಸೆಗೆ ಅಮೆರಿಕ 2022ರಲ್ಲಿ ಅನುಮತಿ ಕೊಟ್ಟಾಗಲೂ ಕನಿಷ್ಠ ಒಂಬತ್ತು ತಿಂಗಳ ಅಂತರ ಕಡ್ಡಾಯವಾಯಿತು. ಅಷ್ಟು ಕಾದು ಎರಡನೇ ಬದಿ ಸುಟ್ಟ ಮೇಲೆ ಮಾತು ತೊದಲಿದರೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಡಿಬಿಎಸ್ ಹಾಕಿಸಿಕೊಂಡವರಿಗಾದರೆ, ಅದೇ ಮಧ್ಯಾಹ್ನ ವೋಲ್ಟೇಜ್ ತುಸು ಇಳಿಸಿ ಮತ್ತೆ ಮಾತಾಡಿಸಿ ನೋಡಬಹುದು.