ದೀಪ ಉರಿಯುತ್ತದೆ, ಬೋರ್ಡು ಏಳುವುದಿಲ್ಲ

ಕಂಪ್ಯೂಟರ್ ಆನ್ ಆಗುತ್ತಿಲ್ಲ ಎಂದು ದೂರು ಬರೆದದ್ದಕ್ಕೆ ಮದರ್‌ಬೋರ್ಡ್ (ಪ್ರೊಸೆಸರ್, ಮೆಮೊರಿ ಎಲ್ಲವೂ ಕೂರುವ ಮುಖ್ಯ ಬೋರ್ಡು) ಕಂಪನಿಯ ಗ್ರಾಹಕ ಸೇವಾ ವಿಭಾಗದಿಂದ ಉತ್ತರ ಬಂದಿದೆ. ತಮಗೆ ವಿಷಾದವಾಗಿದೆಯಂತೆ. ನಾನು ವಿಂಡೋಸ್ ಒಳಗೆ ಹೋಗಿ, ಅವರ ತಂತ್ರಾಂಶವನ್ನು ಹಾಕಿಕೊಂಡು, ಬಯೋಸನ್ನು, ಅಂದರೆ ಯಂತ್ರವನ್ನು ಎಬ್ಬಿಸುವ ಬೋರ್ಡಿನೊಳಗಿನ ಮೂಲ ತಂತ್ರಾಂಶವನ್ನು, ಹೊಸ ಆವೃತ್ತಿಗೆ ಏರಿಸಬೇಕಂತೆ. ಆಮೇಲೂ ತೊಂದರೆ ಮುಂದುವರಿದರೆ ಸ್ಕ್ರೀನ್‌ಶಾಟ್ ಕಳಿಸಬೇಕಂತೆ.

ಪರದೆಯೇ ಕಪ್ಪಾಗಿರುವ ಯಂತ್ರದ ಸ್ಕ್ರೀನ್‌ಶಾಟ್ ತೆಗೆಯುವ ವಿದ್ಯೆಯನ್ನು ಅವರು ಹೇಳಿಕೊಟ್ಟಿಲ್ಲ. ಗುಂಡಿ ಒತ್ತಿದರೆ ಫ್ಯಾನುಗಳು ಒಂದೆರಡು ಸುತ್ತು ತಿರುಗಿ ನಿಲ್ಲುತ್ತವೆ, ಮತ್ತೆ ತಿರುಗುತ್ತವೆ, ಮತ್ತೆ ನಿಲ್ಲುತ್ತವೆ ಎಂದು ನನ್ನ ದೂರಿನ ಮೊದಲ ಸಾಲಿನಲ್ಲೇ ಇತ್ತು. ಮೊದಲ ಸಾಲನ್ನು ಓದುವ ಪದ್ಧತಿ ಅಲ್ಲಿ ಇದ್ದಂತಿಲ್ಲ. ಯಂತ್ರ ಏಳದಿದ್ದರೂ, ಪ್ರೊಸೆಸರೇ ಇಲ್ಲದಿದ್ದರೂ, ಪೆನ್‌ಡ್ರೈವ್ ಸಿಕ್ಕಿಸಿ ಒಂದು ಗುಂಡಿ ಒತ್ತಿ ಬಯೋಸ್ ಬರೆಯುವ ಸೌಲಭ್ಯ ಕೆಲವು ಬೋರ್ಡುಗಳಲ್ಲಿ ಉಂಟು ಎಂದು ಬಲ್ಲವರು ಇಷ್ಟು ಹೊತ್ತಿಗೆ ಬಾಯಿ ತೆರೆದಿರುತ್ತಾರೆ. ಉಂಟು, ಒಪ್ಪಿದೆ. ನನ್ನ ಬೋರ್ಡಿನಲ್ಲಿ ಆ ಗುಂಡಿಗೆ ಜಾಗ ಬಿಟ್ಟಿದ್ದಾರೆ, ಬೆಸುಗೆಯ ಚುಕ್ಕೆಗಳೂ ಇವೆ, ಗುಂಡಿ ಮಾತ್ರ ಇಲ್ಲ. ಗುಂಡಿ ಬೇಕೆಂದವರು ಮೇಲಿನ ಮಾದರಿಯನ್ನೇ ಕೊಳ್ಳಬೇಕಿತ್ತು.

ಆದರೆ ದೀಪಗಳು? ಅವು ಚೆನ್ನಾಗಿಯೇ ಉರಿಯುತ್ತಿವೆ. ಕಂಪ್ಯೂಟರ್ ಆಫ್ ಆಗಿದ್ದಾಗಲೂ ಪವರ್ ಸಪ್ಲೈ 5 ವೋಲ್ಟ್ ಕೊಡುತ್ತಲೇ ಇರುತ್ತದಲ್ಲ, ಆ ಪುಣ್ಯದಲ್ಲಿ ಸತ್ತ ಬೋರ್ಡಿನ ಅಂಚಿನಲ್ಲಿ ನೀಲಿ, ನೇರಳೆ, ಕೆಂಪು, ಮತ್ತೆ ನೀಲಿ ಹರಿಯುತ್ತಿದೆ. ಎಂಜಿನಿಯರಿಂಗ್ ಎಂದರೆ ಇದು. ಮೆಮೊರಿ ಕೈಕೊಡಬಹುದು, ಪ್ರೊಸೆಸರಿಗೆ ವಿದ್ಯುತ್ ಕೊಡುವ ಸರ್ಕ್ಯೂಟು ಸುಡಬಹುದು, ಅಲಂಕಾರಕ್ಕೆ ಮಾತ್ರ ಚ್ಯುತಿ ಬರಬಾರದು. ಈ ದೀಪಗಳು 1 ಕೋಟಿ 67 ಲಕ್ಷ ಬಣ್ಣಗಳಲ್ಲಿ ಉರಿಯಬಲ್ಲವು ಎಂದು ಪೆಟ್ಟಿಗೆಯ ಮೇಲೆ ಬರೆದಿದೆ. ಅಷ್ಟು ಬಣ್ಣಗಳಲ್ಲಿ ಒಂದನ್ನಾದರೂ ಕಾಯಿಲೆ ಏನೆಂದು ತಿಳಿಸಲು ಮೀಸಲಿಡಬಹುದಿತ್ತು ಎಂಬ ಯೋಚನೆ ಯಾರಿಗೂ ಬಂದಂತಿಲ್ಲ.

ಹಳೆಯ ಬೋರ್ಡುಗಳಿಗೆ ಕನಿಷ್ಠ ಬಾಯಿಯಿತ್ತು. 1981ರ ಐಬಿಎಂ ಪಿಸಿಯೊಳಗೆ ಸ್ಪೀಕರ್ ಇತ್ತು. ಆನ್ ಮಾಡಿದಾಗ ಒಂದು ಚಿಕ್ಕ ಬೀಪ್ ಕೇಳಿದರೆ ಎಲ್ಲ ಸರಿ ಎಂದರ್ಥ. ಬೇರೆ ಬಗೆಯ ಬೀಪ್ ಕೇಳಿದರೆ ಪುಸ್ತಕ ತೆಗೆದು ನೋಡಬಹುದಿತ್ತು. ಈಗ ಆ ಸ್ಪೀಕರಿಗೆ ಬೋರ್ಡಿನಲ್ಲಿ ನಾಲ್ಕು ಕಡ್ಡಿಗಳಿವೆ, ಸ್ಪೀಕರನ್ನು ನೀವೇ ಎಲ್ಲಿಂದಲಾದರೂ ತರಬೇಕು. ದೋಷದ ಸಂಖ್ಯೆ ತೋರಿಸುವ ಎರಡಂಕಿಯ ಪುಟ್ಟ ಪರದೆ ದುಬಾರಿ ಬೋರ್ಡುಗಳಿಗಷ್ಟೇ. ನಡುವಿನ ದರ್ಜೆಯವರಿಗೆ ನಾಲ್ಕು ಸಣ್ಣ ದೀಪಗಳು: ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್, ಬೂಟ್. ಅವು ಒಂದಾದ ಮೇಲೊಂದು ಹೊತ್ತಿ, ಒಮ್ಮೊಮ್ಮೆ ಎರಡು ಒಟ್ಟಿಗೇ ಹೊತ್ತಿಕೊಂಡು ನಿಂತುಬಿಡುತ್ತವೆ. ಅದಕ್ಕೂ ಕೆಳಗಿನ ದರ್ಜೆಯವರು ದೇವರನ್ನು ನೆನೆಯಬೇಕು.

ಇನ್ನು ಹೆಸರುಗಳು. ಟೊಮಾಹಾಕ್, ಮಾರ್ಟರ್, ಬಜೂಕಾ, ಸ್ಟೀಲ್ ಲೆಜೆಂಡ್, ಹೀರೊ. ಅಂಗಡಿಯಲ್ಲಿ ಒಂದು ಕೊಡಲಿ, ಒಂದು ಫಿರಂಗಿ, ಹೆಗಲ ಮೇಲಿಟ್ಟು ಹಾರಿಸುವ ಒಂದು ರಾಕೆಟ್ ಲಾಂಚರ್, ಒಬ್ಬ ಉಕ್ಕಿನ ಮನುಷ್ಯ ಸಾಲಾಗಿ ನಿಂತಿರುತ್ತಾರೆ. ಲೆಕ್ಕಪತ್ರ ಬರೆಯಲು ಒಂದು ಕಂಪ್ಯೂಟರ್ ಬೇಕಾಗಿದೆ ಎಂದು ಬಂದವನು ಯಾವ ಯುದ್ಧಕ್ಕೆ ಹೊರಟಿದ್ದೇನೆಂದು ಗಾಬರಿಯಾಗಬೇಕು. ಹಲವು ಬೋರ್ಡುಗಳಿಗೆ ಕವಚ ಬೇರೆ. ಕೇಬಲ್ ಸಿಕ್ಕಿಸುವ ತೂತುಗಳ ಮೇಲೆ ಒಂದು ಪ್ಲಾಸ್ಟಿಕ್ ಹೊದಿಕೆ. ಅದರ ಹೆಸರು ಕವಚ. ಬಿಸಿ ಹೊರಗೆ ಹೋಗಬೇಕಾದ ಜಾಗದ ಮೇಲೆ ಹೊದಿಕೆ ಏಕೆ ಎಂದು ಕೇಳಬಾರದು. 'ಸೈನಿಕ ದರ್ಜೆ'ಯ ಬಿಡಿಭಾಗಗಳೆಂದೂ ಜಾಹೀರಾತು ಮಾಡಿದವರಿದ್ದಾರೆ. ಯಾವ ದೇಶದ ಸೈನ್ಯ, ಅದು ಗೆದ್ದ ಯುದ್ಧ ಯಾವುದು ಎಂಬ ವಿವರ ಪೆಟ್ಟಿಗೆಯಲ್ಲಿರುವುದಿಲ್ಲ.

ಹೀರೊ ಎಂದಾಗ ನೆನಪಾಯಿತು. 2021ರ ಡಿಸೆಂಬರಿನಲ್ಲಿ ಆಸುಸ್ ಕಂಪನಿಯ ಜೆಡ್690 ಹೀರೊ ಬೋರ್ಡುಗಳು ಸುಡತೊಡಗಿದ ಕಥೆ ನಿಮಗೆ ಗೊತ್ತೇ ಇದೆ. ಎರಡಂಕಿಯ ಪರದೆಯ ಮೇಲೆ 53 ಎಂದು ತೋರಿಸಿ, ಮೆಮೊರಿಯ ಪಕ್ಕದಲ್ಲಿ ಹೊಗೆ ಬಿಟ್ಟು ಮಲಗುತ್ತಿದ್ದವು. ಕಾರಣ ಕಂಡುಹಿಡಿದದ್ದು ಬಳಕೆದಾರರು, ಬೋರ್ಡುಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ: ಒಂದು ಕೆಪಾಸಿಟರನ್ನು, ಅಂದರೆ ವಿದ್ಯುತ್ತನ್ನು ಕೂಡಿಟ್ಟು ಕೊಡುವ ಪುಟ್ಟ ಬಿಡಿಭಾಗವನ್ನು, ತಿರುಗುಮುರುಗಾಗಿ ಕೂರಿಸಿದ್ದರು. ಕಂಪನಿ ಒಪ್ಪಿಕೊಂಡಿತು, ಬದಲಿ ಕೊಟ್ಟಿತು, ಮುಂದಿನ ವರ್ಷ ಅಮೆರಿಕದಲ್ಲಿ ಅಧಿಕೃತವಾಗಿ ಹಿಂಪಡೆಯಿತು. ಅಗ್ಗದ ಬೋರ್ಡುಗಳಲ್ಲಲ್ಲ, ದುಬಾರಿ ಬೋರ್ಡಿನಲ್ಲಿ ಹೀಗಾಯಿತು ಎಂಬುದೇ ಉಳಿದವರಿಗೆ ಸಮಾಧಾನ.

ಕೆಪಾಸಿಟರಿಗೂ ಈ ಉದ್ಯಮಕ್ಕೂ ಹಳೆಯ ಋಣಾನುಬಂಧ. ಈ ಶತಮಾನದ ಮೊದಲ ವರ್ಷಗಳಲ್ಲಿ ಕಂಪ್ಯೂಟರ್ ಬಿಚ್ಚಿದವರಿಗೆಲ್ಲ ಆ ದೃಶ್ಯ ಪರಿಚಿತ. ಪ್ರೊಸೆಸರಿನ ಸುತ್ತ ನಿಂತ ಪುಟ್ಟ ಡಬ್ಬಿಗಳ ನೆತ್ತಿ ಉಬ್ಬಿ, ಅಲ್ಲಿ ಕೊರೆದ ಗೀರು ಬಿರಿದು, ಕಂದು ಬಣ್ಣದ ರಸ ಒಸರಿ ಒಣಗಿರುತ್ತಿತ್ತು. ಒಳಗಿನ ದ್ರವದ ಸೂತ್ರ ಕೆಟ್ಟಿತ್ತು. ಅನಿಲ ಹುಟ್ಟಿ ಡಬ್ಬಿಯನ್ನು ಒಳಗಿನಿಂದಲೇ ನೂಕುತ್ತಿತ್ತು. ಡೆಲ್ ಕಂಪನಿ 2005ರಲ್ಲಿ ಅಂಥ ಬೋರ್ಡುಗಳ ಬದಲಾವಣೆಗಾಗಿ 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಕೆಪಾಸಿಟರ್ ಒಂದೇ ಅಲ್ಲ: ಪ್ರೊಸೆಸರ್ ತಯಾರಿಸುವ ಇಂಟೆಲ್ 2011ರ ಜನವರಿಯ ಕೊನೆಯ ದಿನ, ಬೋರ್ಡಿಗೆ ಹಾಕುವ ತನ್ನ ಹೊಸ ಚಿಪ್‌ಸೆಟ್ಟಿನ, ಹಾರ್ಡ್‌ಡಿಸ್ಕ್ ಸಿಕ್ಕಿಸುವ ಕೆಲವು ಸಾಟಾ ಪೋರ್ಟುಗಳು ಕಾಲಕ್ರಮೇಣ ದುರ್ಬಲವಾಗುತ್ತವೆ ಎಂದು ತಾನೇ ಪ್ರಕಟಿಸಿ, ಸಾಗಣೆ ನಿಲ್ಲಿಸಿತು. ರಿಪೇರಿಗೂ ಬದಲಿಗೂ 70 ಕೋಟಿ ಡಾಲರ್ ಆಗಬಹುದೆಂದು ಅಂದಾಜು ಹೇಳಿತು. ಅಂದರೆ ತಪ್ಪು ಒಪ್ಪಿಕೊಳ್ಳುವ ಕಲೆ ಈ ಲೋಕಕ್ಕೆ ಗೊತ್ತಿಲ್ಲವೆಂದಲ್ಲ. ತಪ್ಪು ಕೋಟಿಗಳ ಲೆಕ್ಕದಲ್ಲಿರಬೇಕು, ಅಷ್ಟೆ. ಒಂದೇ ಒಂದು ಬೋರ್ಡು ಕೆಟ್ಟರೆ ಅದು ಕೊಂಡವನ ಕೈಗುಣ.

ಬಯೋಸ್ ಟಿಪ್ಪಣಿಗಳನ್ನು ನೀವು ಓದಿದ್ದೀರಾ? ನನಗೆ ಅವುಗಳ ಗೀಳು ಹಿಡಿದಿದೆ. ಪ್ರತಿ ಹೊಸ ಆವೃತ್ತಿಯ ಕೆಳಗೂ ಒಂದೇ ಸಾಲು: 'ವ್ಯವಸ್ಥೆಯ ಸ್ಥಿರತೆಯನ್ನು ಸುಧಾರಿಸಲಾಗಿದೆ.' ಅದರ ಹಿಂದಿನದರಲ್ಲೂ ಸ್ಥಿರತೆ ಸುಧಾರಿಸಿತ್ತು, ಅದರ ಹಿಂದಿನದರಲ್ಲೂ. ಇಷ್ಟೆಲ್ಲ ಸುಧಾರಿಸಿದ ಮೇಲೆ ಬೋರ್ಡು ಇಷ್ಟು ಹೊತ್ತಿಗೆ ಹಿಮಾಲಯದಷ್ಟು ಸ್ಥಿರವಾಗಿರಬೇಕಿತ್ತು. ಯಾವುದು ಅಸ್ಥಿರವಾಗಿತ್ತು, ಯಾರಿಗೆ, ಎಷ್ಟು ದಿನದಿಂದ ಎಂದು ಹೇಳುವ ಸೌಜನ್ಯ ಆ ಸಾಲಿಗಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಸೂಚನೆ: ನಿಮ್ಮ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಬಯೋಸ್ ಮುಟ್ಟಬೇಡಿ, ಮುಟ್ಟಿ ಕೆಟ್ಟರೆ ಹೊಣೆ ನಮ್ಮದಲ್ಲ. ದೂರು ಕೊಟ್ಟರೆ ಮೊದಲ ಪ್ರಶ್ನೆ: ಬಯೋಸ್ ಏಕೆ ಏರಿಸಿಲ್ಲ?

2023ರಲ್ಲಿ ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಹೊಸ ಪ್ರೊಸೆಸರುಗಳು ಬೋರ್ಡಿನ ಮೇಲೆ ಅವು ಕೂರುವ ಸಾಕೆಟ್ಟಿನಲ್ಲೇ ಸುಟ್ಟು ಉಬ್ಬಿಕೊಂಡಾಗ ಈ ನೀತಿ ಪರಾಕಾಷ್ಠೆ ಮುಟ್ಟಿತು. ಪ್ರೊಸೆಸರಿನ ಒಂದು ಭಾಗಕ್ಕೆ ಬೋರ್ಡುಗಳು ಹೆಚ್ಚು ವೋಲ್ಟೇಜ್ ಕೊಡುತ್ತಿದ್ದವು, 1.3 ವೋಲ್ಟ್ ದಾಟದಂತೆ ಕಡಿವಾಣ ಹಾಕಬೇಕಾಯಿತು. ಆ ಕಡಿವಾಣವಿದ್ದ ಬೀಟಾ (ಇನ್ನೂ ಪರೀಕ್ಷೆಯಲ್ಲಿರುವ) ಬಯೋಸನ್ನು ಆಸುಸ್ ಬಿಡುಗಡೆ ಮಾಡಿತು, ಜೊತೆಗೆ ಇದನ್ನು ಬಳಸಿದರೆ ವಾರಂಟಿ ಹೋದೀತು ಎಂಬ ಎಚ್ಚರಿಕೆಯನ್ನೂ ಅಂಟಿಸಿತು. ಹಾಕದಿದ್ದರೆ ಸುಡಬಹುದು, ಹಾಕಿದರೆ ವಾರಂಟಿ ಇಲ್ಲ. ಗಲಾಟೆಯಾದ ಮೇಲೆ, ಹಾಗೇನಿಲ್ಲ, ವಾರಂಟಿ ಇದೆ ಎಂದು ಹೇಳಿಕೆ ಕೊಟ್ಟರು. ಗಲಾಟೆಯಾಗದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತಾ ಕೂರುವುದು ನನಗೆ ಇಷ್ಟದ ಕಾಲಹರಣ.

ಇದಕ್ಕಿಂತ ಮುಂಚೆ 2018ರಲ್ಲಿ ನಡೆದದ್ದು ಇನ್ನೂ ಸೊಗಸು. ಎಎಂಡಿಯ ಹೊಸ ಪ್ರೊಸೆಸರನ್ನು ಹಳೆಯ ಬಯೋಸ್ ಇರುವ ಬೋರ್ಡು ಗುರುತಿಸುವುದಿಲ್ಲ. ಗುರುತಿಸಬೇಕಾದರೆ ಬಯೋಸ್ ಏರಿಸಬೇಕು. ಬಯೋಸ್ ಏರಿಸಬೇಕಾದರೆ ಬೋರ್ಡು ಏಳಬೇಕು, ಏಳಬೇಕಾದರೆ ಅದು ಗುರುತಿಸುವ ಪ್ರೊಸೆಸರ್ ಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು. ಕೊನೆಗೆ ಎಎಂಡಿ ಗ್ರಾಹಕರಿಗೆ ಒಂದು ಹಳೆಯ ಪ್ರೊಸೆಸರನ್ನು ಸಾಲವಾಗಿ ಕಳಿಸಿಕೊಡುವ ಏರ್ಪಾಡು ಮಾಡಿತು: ಹಾಕಿಕೊಳ್ಳಿ, ಬಯೋಸ್ ಏರಿಸಿ, ವಾಪಸ್ ಕಳಿಸಿ. ನಾನು ಹಾಸ್ಯ ಮಾಡುತ್ತಿಲ್ಲ. ಇಷ್ಟೆಲ್ಲದರ ನಡುವೆ ಗ್ರಾಹಕನ ಬಗ್ಗೆ ಯಾರೋ ಒಬ್ಬರು ಒಂದು ನಿಮಿಷ ಯೋಚಿಸಿದ ಅಪರೂಪದ ಪ್ರಸಂಗ ಅದು. ಆ ಯೋಚನೆಯನ್ನು ಬೋರ್ಡು ಕಾರ್ಖಾನೆಯಿಂದ ಹೊರಡುವ ಮುಂಚೆಯೇ ಮಾಡಬಹುದಿತ್ತು.

ನೆಟ್‌ವರ್ಕ್ ಡ್ರೈವರಿನ ಮಾತು ಎತ್ತದಿದ್ದರೆ ಅನ್ಯಾಯವಾದೀತು. ಹೊಸ ಬೋರ್ಡು. ಅದರ ಲ್ಯಾನ್ (ನೆಟ್‌ವರ್ಕ್) ಚಿಪ್ಪು ವಿಂಡೋಸಿಗೆ ಅಪರಿಚಿತ, ಪರಿಚಯಿಸಲು ಡ್ರೈವರ್ ಎಂಬ ತಂತ್ರಾಂಶ ಬೇಕು. ಡ್ರೈವರ್ ಎಲ್ಲಿದೆ? ಇಂಟರ್ನೆಟ್ಟಿನಲ್ಲಿ. ಇಂಟರ್ನೆಟ್ ಎಲ್ಲಿದೆ? ಡ್ರೈವರಿನ ಆಚೆ. ಇತ್ತ ವಿಂಡೋಸ್ 11 ಇಂಟರ್ನೆಟ್ ಸಿಗುವವರೆಗೂ ಮುಂದಿನ ಪುಟಕ್ಕೇ ಬಿಡುವುದಿಲ್ಲ. ಮುಂಚೆ ಪೆಟ್ಟಿಗೆಯಲ್ಲಿ ಡ್ರೈವರುಗಳ ಡಿವಿಡಿ ಇರುತ್ತಿತ್ತು. ಕಂಪ್ಯೂಟರುಗಳಿಂದ ಡಿವಿಡಿ ಡ್ರೈವುಗಳು ಮಾಯವಾಗಿ ವರ್ಷಗಳಾದ ಮೇಲೂ ಅದನ್ನು ತಪ್ಪದೆ ಕೊಡುತ್ತಿದ್ದರು.

ಇಷ್ಟು ಹೊತ್ತು ನಗುತ್ತಿದ್ದೆ. ವಾರಂಟಿಯ ವಿಷಯಕ್ಕೆ ಬಂದರೆ ನಗು ಬರುವುದಿಲ್ಲ.

ಇಂಟೆಲ್ 2004ರಲ್ಲಿ ಪಿನ್ನುಗಳನ್ನು ಪ್ರೊಸೆಸರಿನಿಂದ ತೆಗೆದು ಬೋರ್ಡಿನ ಸಾಕೆಟ್ಟಿಗೆ ದಾಟಿಸಿತು. ಈಗ ಒಂದೊಂದು ಸಾಕೆಟ್ಟಿನಲ್ಲಿ 1700 ಅಥವಾ ಅದಕ್ಕೂ ಹೆಚ್ಚು ಪಿನ್ನುಗಳು, ಕೂದಲಿನಷ್ಟು ಸಣ್ಣವು, ಸಾಲಾಗಿ ಬಾಗಿ ಮಲಗಿರುತ್ತವೆ. ಅವುಗಳಲ್ಲಿ ಒಂದು ಓರೆಯಾಗಿದ್ದರೂ 'ಗ್ರಾಹಕನಿಂದಾದ ಹಾನಿ' ಎಂಬ ಷರಾ ಬಿತ್ತು. ಅದು ಕಾರ್ಖಾನೆಯಲ್ಲಿ ಬಾಗಿತೋ, ಲಾರಿಯಲ್ಲಿ ಬಾಗಿತೋ, ಅವರದೇ ಪರೀಕ್ಷಾ ಮೇಜಿನ ಮೇಲೆ ಬಾಗಿತೋ ನೀವು ರುಜುವಾತು ಮಾಡಲಾರಿರಿ. ಸಾಕೆಟ್ಟಿನ ಮೇಲೆ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ; ಪ್ರೊಸೆಸರ್ ಕೂರಿಸಿ ಸನ್ನೆ ಅದುಮಿದ ಕೂಡಲೇ ಅದು ಟಪ್ಪನೆ ಹಾರಿ ಮೇಜಿನ ಕೆಳಗೆ ಬೀಳುತ್ತದೆ. ಅದನ್ನು ಎಲ್ಲರೂ ಎಸೆಯುತ್ತಾರೆ, ಏಕೆಂದರೆ ಅದು ಇನ್ನು ಬೇಡವೆನ್ನುವಂತೆಯೇ ಹಾರುತ್ತದೆ. ವರ್ಷಗಳ ನಂತರ ಬೋರ್ಡನ್ನು ದುರಸ್ತಿಗೆ ಕಳಿಸುವಾಗ ಆ ಮುಚ್ಚಳ ಇಲ್ಲದಿದ್ದರೆ ಸ್ವೀಕರಿಸುವುದಿಲ್ಲ ಎನ್ನುತ್ತಾರೆ.

ಅದಕ್ಕೂ ಮೊದಲು ದೋಷ ಬೋರ್ಡಿನದೇ ಎಂದು ನಾನೇ ಸಾಬೀತು ಮಾಡಬೇಕಂತೆ. ಬೇರೆ ಪವರ್ ಸಪ್ಲೈ ಹಾಕಿ ನೋಡಿ. ಬೇರೆ ಮೆಮೊರಿ ಹಾಕಿ ನೋಡಿ, ಅದೂ ನಮ್ಮ ಪಟ್ಟಿಯಲ್ಲಿರುವ ಮೆಮೊರಿಯೇ ಆಗಿರಲಿ. ಬೇರೆ ಪ್ರೊಸೆಸರ್ ಹಾಕಿ ನೋಡಿ. ಇನ್ನೊಂದು ಪ್ರೊಸೆಸರ್ ಯಾರ ಬಳಿ ಇರುತ್ತದೆ? ನನ್ನ ಬಳಿ ಇನ್ನೊಂದು ಕಂಪ್ಯೂಟರಿಗೆ ಬೇಕಾದಷ್ಟು ಬಿಡಿಭಾಗಗಳಿದ್ದಿದ್ದರೆ ನಾನು ಇವರಿಗೇಕೆ ದೂರು ಬರೆಯುತ್ತಿದ್ದೆ? ಮೆಮೊರಿ ಕಂಪನಿಯವರು ಬೋರ್ಡಿನ ಕಡೆ ಬೆರಳು ತೋರಿಸುತ್ತಾರೆ, ಬೋರ್ಡಿನವರು ಮೆಮೊರಿಯ ಕಡೆ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಪ್ರೊಸೆಸರುಗಳು ಕುಸಿಯುತ್ತಿದ್ದಾಗ ತಿಂಗಳುಗಟ್ಟಲೆ ಬೋರ್ಡುಗಳ ವಿದ್ಯುತ್ ಮಿತಿಗಳ ಮೇಲೆ ಗೂಬೆ ಕೂರಿಸಲಾಯಿತು. ಕೊನೆಗೆ ಪ್ರೊಸೆಸರಿನ ಒಳಗಿನ ಸೂಚನೆಗಳಾದ ಮೈಕ್ರೋಕೋಡೇ ಅತಿಯಾದ ವೋಲ್ಟೇಜ್ ಕೇಳುತ್ತಿತ್ತೆಂದು ಇಂಟೆಲ್ ಒಪ್ಪಿಕೊಂಡು, ವಾರಂಟಿಯನ್ನು ಎರಡು ವರ್ಷ ಹಿಗ್ಗಿಸಿತು. ಬೋರ್ಡಿನವರೂ ಸಾಚಾಗಳಲ್ಲ, ಪೈಪೋಟಿಯಲ್ಲಿ ಒಂದು ಕೈ ಮೇಲಾಗಲೆಂದು ಆ ಮಿತಿಗಳನ್ನು ಸಡಿಲಬಿಟ್ಟವರು ಅವರೇ. ಇವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದ ಆ ತಿಂಗಳುಗಳಲ್ಲಿ ಜನ ತಮ್ಮ ಸ್ವಂತ ಸಮಯ ಖರ್ಚು ಮಾಡಿ ಯಂತ್ರ ಬಿಚ್ಚಿ, ಕಟ್ಟಿ, ವಿಂಡೋಸ್ ಮತ್ತೆ ಹಾಕಿ, ತಪ್ಪು ತಮ್ಮದೇ ಇರಬೇಕೆಂದುಕೊಂಡು ರಾತ್ರಿ ಕಳೆದರು. ಆ ರಾತ್ರಿಗಳಿಗೆ ಯಾವ ಕಂಪನಿಯ ಲೆಕ್ಕದಲ್ಲೂ ಕಾಲಂ ಇಲ್ಲ. ಪ್ರಯೋಗಾಲಯ ಅವರದು, ಉಪಕರಣ ಅವರದು, ಸಂಬಳದ ಎಂಜಿನಿಯರುಗಳು ಅವರವರು. ಪರೀಕ್ಷೆ ಮಾತ್ರ ನಾವು ಮಾಡಬೇಕು. ಇದು ಸೇವೆಯಲ್ಲ. ದೂರು ಕೊಟ್ಟವನು ದಣಿದು ಹೊಸ ಬೋರ್ಡು ಕೊಳ್ಳುವವರೆಗೆ ಕಾಯುವ ವ್ಯವಸ್ಥೆ.

ದಣಿಯದೆ ಹಟ ಹಿಡಿದವನಿಗೆ ಬದಲಿ ಬರುತ್ತದೆ. ಅದು ಇನ್ನೊಬ್ಬ ಹತಾಶ ಮನುಷ್ಯ ಕಳಿಸಿದ ಬೋರ್ಡು, ದುರಸ್ತಿಯಾಗಿ ನನ್ನ ಕಡೆಗೆ ಬಂದದ್ದು. ನನ್ನದು ಅವನಂಥ ಮತ್ತೊಬ್ಬನ ಕಡೆಗೆ ಹೋಗುತ್ತದೆ. ಪೆಟ್ಟಿಗೆಯಿಲ್ಲ, ಹಿಂಬದಿಯ ತಗಡಿಲ್ಲ.

ಐಬಿಎಂ ತನ್ನ ಆ ಮೊದಲ ಪಿಸಿಗೆ ಒಂದು ತಾಂತ್ರಿಕ ಕೈಪಿಡಿ ಪ್ರಕಟಿಸಿತ್ತು. ಬೋರ್ಡಿನ ಪೂರ್ತಿ ಸರ್ಕ್ಯೂಟ್ ನಕ್ಷೆ ಅದರಲ್ಲಿತ್ತು, ಬಯೋಸಿನ ಸಾಲು ಸಾಲು ಕೋಡ್ ಕೂಡ. ಕೊಂಡು ಓದಿದವನು ತನ್ನ ಯಂತ್ರ ತಾನೇ ರಿಪೇರಿ ಮಾಡಬಹುದಿತ್ತು. ಇವತ್ತು ರಿಪೇರಿ ಮಾಡುವವನು ಸೋರಿಕೆಯಾದ ನಕ್ಷೆಗಳನ್ನು ಕದ್ದುಮುಚ್ಚಿ ಹುಡುಕಬೇಕು. ಸ್ಕ್ರೂ ಮೇಲಿನ ಸ್ಟಿಕ್ಕರ್ ಕಿತ್ತರೆ ವಾರಂಟಿ ರದ್ದು ಎಂಬ ಬೆದರಿಕೆಯೂ ಇತ್ತು; ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಜುಲೈನಲ್ಲಿ ಎಎಸ್‌ರಾಕ್, ಗಿಗಾಬೈಟ್, ಜೊಟಾಕ್ ಕಂಪನಿಗಳಿಗೆ ಅದು 1975ರ ವಾರಂಟಿ ಕಾನೂನಿಗೆ ವಿರುದ್ಧವಾದೀತು ಎಂದು ಪತ್ರ ಬರೆದು ನೆನಪಿಸಬೇಕಾಯಿತು. ಕಾನೂನು ಬಂದು ಐವತ್ತು ವರ್ಷವಾಗುತ್ತಾ ಬಂದಿತ್ತು, ಅಂಚೆ ತಲುಪಿರಲಿಲ್ಲವೇನೋ.

ನನ್ನ ಬೋರ್ಡಿನ ಪೆಟ್ಟಿಗೆಯಲ್ಲಿ ನಕ್ಷೆ ಹುಡುಕಿದೆ. ಮೆಮೊರಿಯನ್ನು ಹೆಬ್ಬೆರಳಿನಿಂದ ಹೇಗೆ ಒತ್ತಬೇಕೆಂಬ ಚಿತ್ರವಿರುವ ಮಡಚಿದ ಹಾಳೆ ಸಿಕ್ಕಿತು. ಜೊತೆಗೆ ಕಂಪನಿಯ ಲಾಂಛನದ ಬಣ್ಣಬಣ್ಣದ ಸ್ಟಿಕ್ಕರುಗಳು, ಒಂದು ಪೂರ್ತಿ ಹಾಳೆ ತುಂಬ.