ಕನ್ನಡಕವಿಲ್ಲದ ನಾಯಕ

ಸ್ವಂತದ್ದೊಂದು ವಿಡಿಯೊ ಗೇಮ್ ರೂಪಿಸಬೇಕೆಂಬ ಹುಮ್ಮಸ್ಸು ಬಂದಾಗ ನನಗೆ ಮೊದಲು ಹೊಳೆದದ್ದು ಹನ್ನೆರಡು ರಾಜ್ಯಗಳೂ ಮಾತನಾಡುವ ಡ್ರ್ಯಾಗನ್ನೂ ಇರುವ ಮಹಾಕಥೆ. ಒಂದಿಡೀ ತಿಂಗಳು ಕುಳಿತು ರಾಜಮನೆತನಗಳ ವಂಶಾವಳಿಯನ್ನು ಬರೆದು ಮುಗಿಸಿದ ಮೇಲೆ, "ಎಲ್ಲಾ ಸರಿ ಅಣ್ಣಾ, ಆಡುವವರು ಇದರಲ್ಲಿ ಮಾಡೋದೇನು?" ಎಂದು ತಂಗಿ ಕೇಳಿದಳು. ಅದನ್ನು ನಾನು ಯೋಚಿಸಿರಲಿಲ್ಲ. ಡ್ರ್ಯಾಗನ್ನೂ ಬಾಯಿ ಬಿಡಲಿಲ್ಲ.

ಜಪಾನಿನ ಗೇಮ್ ವಿನ್ಯಾಸಕ ಶಿಗೆರು ಮಿಯಾಮೊಟೊ ಬಾಲ್ಯದಲ್ಲಿ ಗುಡ್ಡ, ಗುಹೆಗಳನ್ನು ಅಲೆದಾಡಿದ ನೆನಪಿನಿಂದಲೇ 1986ರ 'ದಿ ಲೆಜೆಂಡ್ ಆಫ್ ಜೆಲ್ಡಾ' ಆಟಕ್ಕೆ ಸ್ಫೂರ್ತಿ ಪಡೆದರು. ನನ್ನ ಬಾಲ್ಯದಲ್ಲಿ ಗುಹೆಗಳಿರಲಿಲ್ಲ. ಈಗಿನ ಬದುಕಿನಲ್ಲಿ ಸಾಹಸವೆನ್ನಬಹುದಾದದ್ದು ಪ್ರತಿದಿನ ಬೆಳಗ್ಗೆ ಕನ್ನಡಕ ಹುಡುಕುವುದೊಂದೇ. ಆದರೆ ಕನ್ನಡಕವಿಲ್ಲದ ಕಣ್ಣಿನಿಂದ ಕನ್ನಡಕವನ್ನೇ ಹುಡುಕಬೇಕಾದ ಈ ಇಕ್ಕಟ್ಟಿನಲ್ಲಿ ಗುರಿಯಿದೆ, ಅಡ್ಡಿಯಿದೆ, ಕಚೇರಿಗೆ ತಡವಾಗುವ ಭಯವೂ ಇದೆ. ಒಂದು ಆಟಕ್ಕೆ ಇನ್ನೇನು ಬೇಕು? ಹನ್ನೆರಡು ರಾಜ್ಯಗಳನ್ನು ಕೈಬಿಟ್ಟು ಒಂದು ಕೋಣೆಗೆ ಇಳಿದೆ.

ಒಂದು ಕೋಣೆಯೆಂದರೆ ಸುಲಭವೆಂದು ತಿಳಿದಿದ್ದೆ. ಬಾಗಿಲೊಂದೇ ಎರಡು ವಾರ ನುಂಗಿತು: ತೆರೆದರೆ ನಾಯಕನನ್ನು ಗೋಡೆಗೆ ಒತ್ತಿ ಹಿಡಿಯುತ್ತಿತ್ತು, ಮುಚ್ಚಿದರೆ ಅವನು ಅದರೊಳಗಿಂದಲೇ ದೆವ್ವದಂತೆ ಹಾದು ಹೋಗುತ್ತಿದ್ದ. ಕೊನೆಗೆ ಬಾಗಿಲನ್ನೇ ಕಿತ್ತುಹಾಕಿದೆ. ಪರದೆಯನ್ನು ಮಸುಕಾಗಿಸುವ ಕೋಡ್ ಬರೆದ ರಾತ್ರಿಯಂತೂ, ಮಸುಕು ತೀರಾ ಹೆಚ್ಚಾಯಿತೆಂದು ಅಂಕಿಗಳನ್ನು ಇಳಿಸುತ್ತಾ ಇಳಿಸುತ್ತಾ ಸೊನ್ನೆಗೆ ತಂದ ಮೇಲೂ ಚಿತ್ರ ಸ್ಪಷ್ಟವಾಗದಿದ್ದಾಗ, ನಾನೇ ಕನ್ನಡಕ ಹಾಕಿಕೊಂಡಿಲ್ಲವೆಂಬುದು ಅರಿವಿಗೆ ಬಂತು.

ಮೊದಲ ಪರೀಕ್ಷೆಗೆ ತಂಗಿಯನ್ನೇ ಕೂರಿಸಿದೆ. ಅವಳು ಹಾಸಿಗೆಯ ಕೆಳಗೆ, ಕಪಾಟಿನ ಮೇಲೆ, ದಿಂಬಿನ ಹಿಂದೆ ಅರ್ಧ ಗಂಟೆ ತಡಕಾಡಿದರೂ ಕನ್ನಡಕ ಸಿಗಲಿಲ್ಲ. ಕೋಡ್ ತೆರೆದು ನೋಡಿದರೆ, ಕನ್ನಡಕವನ್ನು ಕೋಣೆಗೆ ಸೇರಿಸುವ ಬದಲು ನಾಯಕನಿಗೇ ಸೇರಿಸಿಬಿಟ್ಟಿದ್ದೆ. ಅವನು ಹೋದಲ್ಲೆಲ್ಲ ಅದು ಅವನ ತಲೆಯ ಮೇಲೆ ಸವಾರಿ ಮಾಡುತ್ತಿತ್ತು.

ನಾಚಿಕೆಯಿಂದ ತಿದ್ದಲು ಹೊರಟವನಿಗೆ 1978ರ 'ಸ್ಪೇಸ್ ಇನ್ವೇಡರ್ಸ್' ಆಟ ನೆನಪಾಯಿತು. ಪರದೆಯ ಮೇಲೆ ಶತ್ರುಗಳು ಕಡಿಮೆಯಾದಂತೆ ಯಂತ್ರದ ಹೊರೆ ಇಳಿದು ಉಳಿದವರ ವೇಗ ತಾನಾಗಿ ಹೆಚ್ಚುತ್ತಿದ್ದುದನ್ನು ಆ ಆಟ ರೂಪಿಸಿದ ಟೊಮೊಹಿರೊ ನಿಶಿಕಾಡೊ ತಿದ್ದದೆ ಉಳಿಸಿಕೊಂಡರು. ಆಟದ ರೋಚಕತೆ ಅದರಿಂದಲೇ ಹೆಚ್ಚಿತು. ಈ ಇತಿಹಾಸವನ್ನು ತಂಗಿಗೆ ಗಂಭೀರವಾಗಿ ವಿವರಿಸಿದೆ.

"ಅದೆಲ್ಲ ಬೇಡ, ಹೀಗೇ ಇರಲಿ ಬಿಡು," ಎಂದಳು ಅವಳು, ನನ್ನ ಹಣೆಯ ಮೇಲ್ಗಡೆ ನೋಡುತ್ತಾ.